"ಬಚ್ಚಲಲ್ಲಿ ಜಾರಿ ಬಿದ್ದೆ ಡಾಕ್ಟ್ರೇ"

ಜಾರಿ ಬಿದ್ದೆ ಅಂತಾಳೆ. ಆದರೆ ಬಾವು ಕಣ್ಣಿನ ಸುತ್ತ ಇದೆ, ಬಾಸುಂಡೆ ಮುಂಗೈ ಮೇಲಿದೆ. ಏಟು ತಡೆಯಲು ಎತ್ತಿದ ಕೈ ಅದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21: ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು ಶೇ 21 ಇತ್ತು.

2005ರ ಕೌಟುಂಬಿಕ ಹಿಂಸೆ ಕಾಯ್ದೆ ಆಕೆಗೆ ಗಂಡನ ಜೊತೆ ಬಾಳುವ ಮನೆಯಲ್ಲೇ ಉಳಿಯುವ ಹಕ್ಕು ಕೊಟ್ಟಿತು. ಸಣ್ಣ ಮಾತಲ್ಲ. ಆದರೆ ಕಾಯ್ದೆ ಆಕೆಯನ್ನು ಮುಟ್ಟಬೇಕಾದರೆ, ಗಾಯಕ್ಕೆ ಬ್ಯಾಂಡೇಜ್ ಕಟ್ಟುವವರೂ ಬಾಯಿ ಬಿಡಬೇಕು. ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ 'ದಿಲಾಸಾ' ಕೇಂದ್ರ ಎರಡು ದಶಕಗಳ ಹಿಂದೆಯೇ ಇದಕ್ಕೆ ದಾರಿ ತೋರಿತು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮೆಲ್ಲಗೆ ಕೇಳಿ: "ಮನೇಲಿ ಯಾರಾದ್ರೂ ಹೊಡೀತಾರೇನಮ್ಮಾ?"

ಮಹಿಳಾ ಸಹಾಯವಾಣಿ 181. ಹಗಲೂ, ರಾತ್ರಿಯೂ.