ಕತ್ತರಿಸಿದ ಚಿತ್ರದ ಹಿಂಬದಿ: ವ್ಯಂಗ್ಯಚಿತ್ರಗಳ ಸಂಗ್ರಹ, ರಚನೆ ಮತ್ತು ಡಿಜಿಟಲೀಕರಣವನ್ನು ಕುರಿತು

ಪುಣೆಯ ಕೋಥರೂಡದಲ್ಲಿರುವ ನಮ್ಮ ಬಂಧುಗಳ ಮನೆಯ ಹಳೆಯ ಟ್ರಂಕೊಂದರಿಂದ ಹೊರಬಂದ ಲೆಕ್ಕದ ಪುಸ್ತಕವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಪದವಿ ತರಗತಿಯ ದಿನಗಳಲ್ಲಿ ಬೇಸಗೆಯ ರಜೆಯನ್ನೂ ಮಳೆಗಾಲದ ಕೆಲವು ವಾರಗಳನ್ನೂ ಆ ಮನೆಯಲ್ಲಿ ಕಳೆಯುತ್ತಿದ್ದ ಈ ಲೇಖಕನು ಮರಾಠಿ, ಕನ್ನಡ, ಇಂಗ್ಲಿಷ್ ಪತ್ರಿಕೆಗಳಿಂದ ನಗೆಚಿತ್ರಗಳನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ಆ ಪುಸ್ತಕದಲ್ಲಿ ಅಂಟಿಸಿದ್ದನು. ನಡುನಡುವೆ ಅವುಗಳನ್ನು ನೋಡಿ ತಾನೇ ಬರೆದ ಕೆಲವು ಗೆರೆಚಿತ್ರಗಳೂ ಇವೆ. ಅವುಗಳ ಗುಣವನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ. ಈಚೆಗೆ ಈ ಪುಟಗಳನ್ನು ಸ್ಕ್ಯಾನ್ ಮಾಡಿ ಗಣಕದಲ್ಲಿ ಇಡಬೇಕೆಂದು ಕುಳಿತಾಗ ತಪ್ಪಿನ ಅರಿವಾಯಿತು. ಯಾವ ಚಿತ್ರದ ಬಳಿಯೂ ಪತ್ರಿಕೆಯ ಹೆಸರಿಲ್ಲ, ದಿನಾಂಕವಿಲ್ಲ. ಹಸ್ತಪ್ರತಿಯೊಂದಕ್ಕೆ ಪುಷ್ಪಿಕೆ ಇಲ್ಲವೆಂದು ಹಳೆಯ ಲಿಪಿಕಾರರನ್ನು ಆಕ್ಷೇಪಿಸುತ್ತ ಮೂರು ದಶಕಗಳನ್ನು ಕಳೆದವನಿಗೆ ಇದು ಮುಜುಗರದ ಸಂಗತಿ.

ದಿನಾಂಕವನ್ನು ಬರೆಯದಿದ್ದರೂ ಕತ್ತರಿಸಿದ ತುಣುಕಿನ ಹಿಂಬದಿಯಿಂದ ಕಾಲವನ್ನು ಊಹಿಸಬಹುದಾಗಿತ್ತು. ಅಲ್ಲಿ ಸಿನಿಮಾ ಜಾಹೀರಾತಿನ ಅರ್ಧ, ಚಿನ್ನದ ಧಾರಣೆ, ಕ್ರಿಕೆಟ್ ಪಂದ್ಯದ ನಾಲ್ಕು ಸಾಲು ಏನಾದರೂ ಇರುತ್ತದೆ. ಶಾಸನತಜ್ಞನು ಕಲ್ಲಿನ ನಾಲ್ಕೂ ಮೈಗಳನ್ನು ನೋಡುವಂತೆ ಸಂಗ್ರಾಹಕನು ಕಾಗದದ ಎರಡೂ ಮೈಗಳನ್ನು ನೋಡಬೇಕು. ಆದರೆ ಅಂಟು ಆ ಸಾಕ್ಷ್ಯವನ್ನು ಪುಸ್ತಕದ ಹಾಳೆಗೆ ಒಪ್ಪಿಸಿ ಮುಚ್ಚಿಬಿಟ್ಟಿತ್ತು.

ಸಂಗ್ರಹಿಸುವುದು, ನೋಡಿ ಬರೆಯುವುದು, ಪ್ರತಿ ಮಾಡುವುದು ಇವು ಮೂರು ಬೇರೆ ಬೇರೆ ಹವ್ಯಾಸಗಳಂತೆ ಕಂಡರೂ ವ್ಯಂಗ್ಯಚಿತ್ರಕಾರನ ಮಟ್ಟಿಗೆ ಒಂದೇ ಕ್ರಿಯೆಯ ಮೂರು ಹಂತಗಳು. 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣರು ಅಕ್ಷರ ಕೂಡಿಸಿ ಓದಲು ಬರುವ ಮೊದಲೇ ಮನೆಗೆ ಬರುತ್ತಿದ್ದ ಸ್ಟ್ರ್ಯಾಂಡ್, ಪಂಚ್ ಮೊದಲಾದ ಆಂಗ್ಲ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. ಡೇವಿಡ್ ಲೋ ಎಂಬ ಪ್ರಸಿದ್ಧ ಚಿತ್ರಕಾರನ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ಸಹಿಯನ್ನು ತಪ್ಪಾಗಿ ಓದಿದವನು ಗೆರೆಯನ್ನು ಸರಿಯಾಗಿ ಓದಿದ್ದನು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶವನ್ನು ನಿರಾಕರಿಸಿದಾಗಲೂ ಈ ಗೃಹಪಾಠವೇ ಕೈಹಿಡಿಯಿತು.

ನಮ್ಮ ಮಧ್ಯಕಾಲೀನ ಸಾಹಿತ್ಯಕ್ಕೂ ಇಂಥ ಪರಂಪರೆ ಅಪರಿಚಿತವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಾರ್ಯವನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಅದು ಸಂರಕ್ಷಣೆಯ ಯೋಜನೆಯೂ ಹೌದು. ಒಂದೇ ಕಡೆ ಇರುವ ಒಂದೇ ಪ್ರತಿಗೆ ಆಯುಸ್ಸು ಕಡಿಮೆಯೆಂಬ ತಿಳಿವಳಿಕೆ 10ನೆಯ ಶತಮಾನದಲ್ಲಿಯೇ ಇತ್ತು. ಮೂಡುಬಿದಿರೆಯಲ್ಲಿ ಉಳಿದುಬಂದಿರುವ 12ನೆಯ ಶತಮಾನದ ಚಿತ್ರಿತ ಧವಳಾ ತಾಳೆಗರಿಗಳ ಕಥೆಯೂ ಇದನ್ನೇ ಹೇಳುತ್ತದೆ. ಈ ಸಿದ್ಧಾಂತ ಗ್ರಂಥಗಳ ಪ್ರತಿಗಳು ಕೀಟಗಳಿಗೆ ಆಹಾರವಾಗುತ್ತಿರುವುದನ್ನು ತಿಳಿದು, ಅವನ್ನು ತಾಮ್ರಪಟಗಳ ಮೇಲೆ ಕೆತ್ತಿಸುವ ಕಾರ್ಯಕ್ಕೆ 20ನೆಯ ಶತಮಾನದಲ್ಲಿ ಪ್ರೇರಕರಾದವರು ಆಚಾರ್ಯ ಶಾಂತಿಸಾಗರರು. ಅವರ ಮನೆತನದ ಊರು ಬೆಳಗಾವಿ ಜಿಲ್ಲೆಯ ಭೋಜ. ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರಿಕೆ. ಅದು ಮತ್ತೆ ಬರಲಿದೆ.

ಚಿತ್ರಗಳ ವಿಷಯದಲ್ಲಿ ಪ್ರತಿ ಮಾಡಿದರೆ ಮಾತ್ರ ಸಾಲದು ಎಂಬುದನ್ನು ತಿಳಿಯಲು ಕೋಥರೂಡದಿಂದ ಬಹುದೂರ ಹೋಗಬೇಕಾಗಿಲ್ಲ. ಪುಣೆಯ ಶುಕ್ರವಾರ ಪೇಠೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಕನ್ನಡಕದ ವ್ಯಾಪಾರಿಯೂ ಕವಿಯೂ ಆಗಿದ್ದ ಒಬ್ಬ ವ್ಯಕ್ತಿಯ ಹವ್ಯಾಸದ ಫಲ. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಕೂಡಿಟ್ಟ ಆ ಸಂಗ್ರಹವನ್ನು ದಿನಕರ ಕೇಳಕರರು 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅದರಲ್ಲಿ ಚಿತ್ರಕಥೀ ಪರಂಪರೆಯ ಚಿತ್ರಗಳೂ ಇವೆ. ಕೊಂಕಣದ ಪಿಂಗುಳಿಯ ಠಾಕರ ಕಲಾವಿದರು ಇಂಥ ಚಿತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ರಾಮಾಯಣ ಭಾರತಗಳ ಪ್ರಸಂಗಗಳನ್ನು ಹಾಡಿ ಹೇಳುವವರು. ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಬಿಡಿ ಬಿಡಿ ಪತ್ರಗಳ ಕಟ್ಟಿಗೆ 'ಪೋಥಿ' ಎಂದು ಹೆಸರು. ಅಗಲವಾದ ಕಣ್ಣು, ಪಕ್ಕಕ್ಕೆ ತಿರುಗಿದ ಮುಖ, ದಪ್ಪ ಹೊರಗೆರೆ ಇವು ನಮ್ಮ ತೊಗಲುಗೊಂಬೆಗಳನ್ನು ನೆನಪಿಗೆ ತರುತ್ತವೆ. ವಿದ್ವಾಂಸರು ಈ ಸಾಮ್ಯವನ್ನು ಗುರುತಿಸಿಯೂ ಇದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಬಣ್ಣದ ಚಿತ್ರಗಳನ್ನಿಟ್ಟುಕೊಂಡು ಕಥೆ ಹೇಳುವವನನ್ನು 'ಚಿತ್ರಕಥಕ'ನೆಂದು ಕರೆದಿರುವುದರಿಂದ, ಈ ವೃತ್ತಿಯ ಬೇರು ಕನ್ನಡನಾಡಿನ ಆಸ್ಥಾನದವರೆಗೂ ಚಾಚಿದೆಯೆನ್ನಬಹುದು.

ಅದೇ ಗ್ರಂಥ ಕನ್ನಡಿಯ ಪ್ರತಿಬಿಂಬದಂತಿರುವ ಚಿತ್ರವನ್ನು 'ವಿದ್ಧ'ವೆಂದೂ, ಮನಸ್ಸಿಗೆ ಹೊಳೆದದ್ದನ್ನು ತಟ್ಟನೆ ಗೆರೆಯಲ್ಲಿ ಹಿಡಿದುದನ್ನು 'ಅವಿದ್ಧ'ವೆಂದೂ ವಿಂಗಡಿಸುತ್ತದೆ. ವ್ಯಂಗ್ಯಚಿತ್ರವನ್ನು ಎರಡನೆಯ ವರ್ಗಕ್ಕೆ ಸೇರಿಸುವ ಆಸೆ ಈ ಲೇಖಕನಿಗಿದೆ. ಕಲಾಮೀಮಾಂಸಕರು ಒಪ್ಪಲೇಬೇಕೆಂಬ ಹಟವಿಲ್ಲ.

ಪೋಥಿಯ ಚಿತ್ರಗಳ ಅನುಕ್ರಮ ಮತ್ತು ಅರ್ಥ ಎರಡೂ ಹಾಡುವವನ ನೆನಪಿನಲ್ಲಿವೆ. ಹಾಡುವವನಿಂದ ಬೇರ್ಪಟ್ಟ ಪತ್ರವು ಸೊಗಸಾದ ಚಿತ್ರವಾಗಿ ಉಳಿದೀತು, ಆದರೆ ಕಥೆಯಾಗಿ ಉಳಿಯಲಾರದು. ಪತ್ರಿಕೆಯಿಂದ ಬೇರ್ಪಟ್ಟ ವ್ಯಂಗ್ಯಚಿತ್ರದ ಗತಿಯೂ ಇದೇ ಏನು ಎಂಬ ಪ್ರಶ್ನೆಗೆ ಉತ್ತರವಾಗಿ ಕನ್ನಡನಾಡಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಇಬ್ಬರ ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಒಬ್ಬರು ಶಿವರಾಮ ದತ್ತಾತ್ರೇಯ ಫಡಣೀಸರು. 1925ರ ಜುಲೈ 29ರಂದು ಅವರು ಜನಿಸಿದ್ದು ಮೇಲೆ ಹೇಳಿದ ಭೋಜ ಗ್ರಾಮದಲ್ಲಿಯೇ. ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅನಂತ ಅಂತರಕರರ ಸಂಪಾದಕತ್ವದ 'ಹಂಸ', 'ಮೋಹಿನಿ' ಪತ್ರಿಕೆಗಳ ಮೂಲಕ ಮಹಾರಾಷ್ಟ್ರದ ಮನೆಮಾತಾದವರು. 1950ರ ದಶಕದ ಆರಂಭದಲ್ಲಿ 'ಮೋಹಿನಿ'ಗೆ ಅವರು ಬರೆದ ಒಂದು ಮುಖಪುಟ ಪ್ರಸಿದ್ಧವಾಗಿದೆ: ತರುಣಿಯ ಸೀರೆಯ ಮೇಲೆ ಇಲಿಗಳ ಚಿತ್ತಾರ, ಪಕ್ಕದ ತರುಣನ ಅಂಗಿಯ ಮೇಲೆ ಬೆಕ್ಕುಗಳ ಚಿತ್ತಾರ. ಒಂದು ಅಕ್ಷರವೂ ಇಲ್ಲ. ಮರಾಠಿ ಬಾರದ ಕನ್ನಡಿಗನೂ ಕನ್ನಡ ಬಾರದ ಮರಾಠಿಗನೂ ಒಂದೇ ಕ್ಷಣದಲ್ಲಿ ನಗುತ್ತಾರೆ. 1970ರ ದಶಕದಲ್ಲಿ ಮಹಾರಾಷ್ಟ್ರದ ಶಾಲಾ ಗಣಿತ ಪುಸ್ತಕಗಳಿಗೆ ಅವರು ಬರೆದ ಚಿತ್ರಗಳಿಂದ ಲೆಕ್ಕದ ಭಯವೇ ಕಡಿಮೆಯಾಯಿತೆಂದು ಆ ಪೀಳಿಗೆಯವರು ಹೇಳುವುದನ್ನು ಕೋಥರೂಡದ ಮನೆಯಲ್ಲಿ ಕೇಳಿದ್ದೇನೆ. ಮಾತಿಲ್ಲದ ಇಂಥ ಚಿತ್ರಕ್ಕೆ ದಿನಾಂಕ ಕಳೆದುಹೋದರೆ ಚರಿತ್ರಕಾರನಿಗೆ ನಷ್ಟ, ನೋಡುಗನಿಗಲ್ಲ.

ಇನ್ನೊಬ್ಬರು ಲಕ್ಷ್ಮಣರು. ಮುಂಬಯಿಯ ದೀರ್ಘ ವೃತ್ತಿಜೀವನದ ಅನಂತರ ಪುಣೆಯಲ್ಲಿ ನೆಲೆಸಿದ ಅವರು ಕೊನೆಯುಸಿರೆಳೆದದ್ದು 2015ರ ಜನವರಿ 26ರಂದು, ಕೋಥರೂಡಕ್ಕೆ ಹೊಂದಿಕೊಂಡಿರುವ ಎರಂಡವಣೆಯ ಆಸ್ಪತ್ರೆಯಲ್ಲಿ. 1951ರಿಂದ ದಶಕಗಳ ಕಾಲ ದಿನಪತ್ರಿಕೆಯ ಮೊದಲ ಪುಟದಲ್ಲಿ ಬಂದ ಅವರ ಕಿರುಚಿತ್ರದಲ್ಲಿ ಚೌಕುಳಿ ಕೋಟಿನ ಸಾಮಾನ್ಯ ಮನುಷ್ಯ ಮೌನಿ. ಸುತ್ತಲಿನವರು ಮಾತನಾಡುತ್ತಾರೆ, ಅದೂ ಆ ದಿನದ ಸುದ್ದಿಯನ್ನು ಕುರಿತು. ದಿನಾಂಕ ಹೋದರೆ ಅಲ್ಲಿ ಅರ್ಧ ನಗೆಯೇ ಹೋಗುತ್ತದೆ. ಮಂತ್ರಿಯ ಮೂಗು ಯಾರದೆಂದು ತಿಳಿಯದು, ರಸ್ತೆಯ ಗುಂಡಿ ಯಾವ ಮಳೆಗಾಲದ್ದೆಂದು ತಿಳಿಯದು. ನನ್ನ ಪುಸ್ತಕದಲ್ಲಿ ಫಡಣೀಸರ ಶೈಲಿಯ ಮೂಕಚಿತ್ರಗಳು ಇಂದಿಗೂ ಹೊಸದಾಗಿವೆ. ರಾಜಕೀಯ ಚಿತ್ರಗಳ ಪೈಕಿ ಹಲವನ್ನು, ಅಂದು ನಕ್ಕು ಕತ್ತರಿಸಿದ ನಾನೇ ಇಂದು ಅರ್ಥಮಾಡಿಕೊಳ್ಳಲಾರೆ. ಆದ್ದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಬಗೆಯಲ್ಲಿ ದಾಖಲಿಸಿದರಾಯಿತೆಂಬ ಭಾವನೆ ಸರಿಯಲ್ಲ. ಮಾತುಳ್ಳ ಚಿತ್ರಕ್ಕೆ ಟಿಪ್ಪಣಿಯೂ ಬೇಕು.

ಇನ್ನು ಮೂಲಚಿತ್ರದ ವಿಚಾರ. ಅಚ್ಚಿನಲ್ಲಿ ನಾವು ನೋಡುವುದು ಚಿತ್ರಕಾರನ ಕೈಬರಹವನ್ನಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಚಿತ್ರವನ್ನು ಛಾಯಾಚಿತ್ರವಾಗಿ ತೆಗೆದು, ಸತುವಿನ ಫಲಕದ ಮೇಲೆ ಆಮ್ಲದಿಂದ ಕೊರೆದು, ಮರದ ದಿಮ್ಮಿಗೆ ಕೂರಿಸಿ ಅಚ್ಚಿಗೆ ಹಾಕುತ್ತಿದ್ದರು. ಅಳತೆ ಕಿರಿದಾಗುತ್ತಿತ್ತು, ತೆಳುಗೆರೆ ಮಸಿಯಲ್ಲಿ ಹಬ್ಬುತ್ತಿತ್ತು, ಬಿಳಿ ಬಣ್ಣ ಬಳಿದು ತಿದ್ದಿದ ಗುರುತು ಮಾಯವಾಗುತ್ತಿತ್ತು. ಆ ಗುರುತೇ ಕಲಾವಿದನ ಪಾಠಾಂತರ. ಅಚ್ಚು ಮುಗಿದ ಮೇಲೆ ಮೂಲವನ್ನು ಯಾರೂ ಕೇಳದಿದ್ದುದೇ ಹೆಚ್ಚು. ಈ ದೃಷ್ಟಿಯಿಂದ ಬೆಂಗಳೂರಿನ ಮಾಯಾ ಕಾಮತರ ಪ್ರಕರಣ ಸಮಾಧಾನ ನೀಡುವಂಥದು. ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದ ವಿರಳ ಮಹಿಳೆಯರಲ್ಲಿ ಒಬ್ಬರಾದ ಅವರು 2001ರಲ್ಲಿ ನಿಧನರಾದರು. ಅವರ ಚಿತ್ರಗಳು ಮುಂಬಯಿಯ 'ಸ್ಪ್ಯಾರೋ' ಎಂಬ ಮಹಿಳಾ ದಾಖಲಾಲಯವನ್ನು ಸೇರಿದವು. ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯೂ 2007ರಿಂದ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ, ವ್ಯಂಗ್ಯಚಿತ್ರಕಾರ ವಿ.ಜಿ. ನರೇಂದ್ರರ ಶ್ರಮ ಅದರ ಹಿಂದಿದೆ.

ಪತ್ರಿಕೆಯನ್ನೇ ಇಡಿಯಾಗಿ ಉಳಿಸಿಕೊಂಡ ಉದಾಹರಣೆ 'ಕೊರವಂಜಿ'ಯದು. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 25 ವರ್ಷ ನಡೆಸಿದ ಈ ಹಾಸ್ಯ ಮಾಸಪತ್ರಿಕೆಯಲ್ಲಿ ತರುಣ ಲಕ್ಷ್ಮಣರ ಚಿತ್ರಗಳು ಪ್ರಕಟವಾದವು. ಹಳೆಯ ಸಂಚಿಕೆಗಳು ಈಗ ಡಿಜಿಟಲ್ ರೂಪ ಪಡೆದಿವೆ. ಇಡೀ ಸಂಚಿಕೆ ಒಟ್ಟಿಗೆ ಇರುವುದರಿಂದ ಚಿತ್ರದ ಎದುರು ಪುಟದ ಹರಟೆ, ಕೆಳಗಿನ ಜಾಹೀರಾತು, ಯುದ್ಧಕಾಲದ ಕಾಗದದ ಕೊರತೆಯ ಉಲ್ಲೇಖ ಇವೆಲ್ಲ ಚಿತ್ರದೊಂದಿಗೇ ದೊರೆಯುತ್ತವೆ. ಕತ್ತರಿ ಹಿಡಿದ ನನ್ನಂಥವರು ಹಾಳುಮಾಡಿದ್ದು ಈ ಸಹವಾಸವನ್ನೇ.

ಹವ್ಯಾಸಿಗಳಿಗೆ ಉಪಯುಕ್ತವಾಗಬಹುದಾದ ಕೆಲವು ಸಂಗತಿಗಳನ್ನು ಅನುಭವದಿಂದ ಹೇಳಬಹುದು. ಪತ್ರಿಕಾ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುವುದರಿಂದ ಅದು ಬೆಳಕಿಗೆ ಹಳದಿಯಾಗಿ, ಆಮ್ಲೀಯವಾಗಿ, ಮಡಿಕೆಯಲ್ಲಿ ಮುರಿಯುತ್ತದೆ. ಸ್ಕ್ಯಾನ್ ಮಾಡುವಾಗ ತುಣುಕಿನ ಹಿಂದೆ ಕಪ್ಪು ಕಾಗದವನ್ನಿಟ್ಟರೆ ಹಿಂಬದಿಯ ಅಚ್ಚು ಇಣುಕುವುದು ಕಡಿಮೆಯಾಗುತ್ತದೆ. ಗೆರೆಚಿತ್ರಕ್ಕೆ ಅಂಗುಲಕ್ಕೆ 600 ಬಿಂದುಗಳ ಸಾಂದ್ರತೆ ಒಳ್ಳೆಯದು. ಚುಕ್ಕೆಗಳಿಂದ ಅಚ್ಚಾದ ಚಿತ್ರವನ್ನು ಕಡಿಮೆ ಸಾಂದ್ರತೆಯಲ್ಲಿ ಹಿಡಿದರೆ ರೇಷ್ಮೆಯ ಮೇಲಿನ ಅಲೆಯಂಥ ಕಲೆಗಳು ಮೂಡುತ್ತವೆ. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಇಟ್ಟುಕೊಂಡು, ಹಂಚಲು ಮಾತ್ರ ಜೆಪೆಗ್ ಮಾಡಬೇಕು. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಗೆರೆಯ ಅಂಚು ಸವೆಯುತ್ತದೆ. ಕಾಗದದ ಹಳದಿಯನ್ನು ಬಿಳಿಯಾಗಿಸುವ ಉತ್ಸಾಹ ಬೇಡ. ಚಿತ್ರದೊಳಗಿನ ಕೈಬರಹವನ್ನು ಯಂತ್ರ ಸರಿಯಾಗಿ ಓದದಿರುವುದರಿಂದ ಮಾತನ್ನು ಯೂನಿಕೋಡಿನಲ್ಲಿ ಬೇರೆಯಾಗಿ ಬೆರಳಚ್ಚು ಮಾಡಬೇಕು. 1990ರ ದಶಕದ ಅಕ್ಷರಶೈಲಿಗಳಲ್ಲಿ ನಾವು ಮಾಡಿಟ್ಟ ಪಟ್ಟಿಗಳು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ತಾಳೆಗರಿಗೆ ಹುಳ ಹೇಗೋ ಗಣಕಕ್ಕೆ ಇದು ಹಾಗೆ.

ಹಕ್ಕಿನ ಪ್ರಶ್ನೆಯನ್ನು ಸಂಗ್ರಾಹಕರು ಲಘುವಾಗಿ ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕರ್ತೃವಿನ ಮರಣದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಲಕ್ಷ್ಮಣರ ಚಿತ್ರಗಳ ಮಟ್ಟಿಗೆ ಅದು 2075ರ ಕೊನೆ. ಕರ್ತೃ ಯಾರೆಂದು ತಿಳಿಯದೆ ಪ್ರಕಟವಾದ ಕೃತಿಗಾದರೋ ಪ್ರಕಟಣೆಯಿಂದಲೇ 60 ವರ್ಷಗಳ ಎಣಿಕೆ. ಹೀಗಾಗಿ ಮೂಲೆಯ ಸಹಿಯನ್ನು ಸೇರಿಸಿ ಕತ್ತರಿಸಿದ್ದೇವೆಯೋ ಬಿಟ್ಟು ಕತ್ತರಿಸಿದ್ದೇವೆಯೋ ಎಂಬುದು ಕೇವಲ ಅಂದದ ವಿಷಯವಲ್ಲ. ಮನೆಯಲ್ಲಿ ಅಧ್ಯಯನಕ್ಕಾಗಿ ಪ್ರತಿ ಮಾಡಿಟ್ಟುಕೊಳ್ಳುವುದಕ್ಕೂ ಲೋಕಕ್ಕೆಲ್ಲ ಹಂಚುವುದಕ್ಕೂ ಇರುವ ಅಂತರವನ್ನು ನೆನಪಿಡಬೇಕು.

ನಮ್ಮ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ವಾರ, ತಮ್ಮ ಹೆಸರು, ಯಾರಿಗಾಗಿ ಬರೆದದ್ದು ಎಂಬುದನ್ನು ಹೇಳಿ, ಕೈತಪ್ಪನ್ನು ಮನ್ನಿಸಬೇಕೆಂದು ಬೇಡುತ್ತಿದ್ದರು. ಡಿಜಿಟಲ್ ಕಡತಕ್ಕೂ ಅಷ್ಟೇ ಸಾಕು: ಪತ್ರಿಕೆ, ದಿನಾಂಕ, ಪುಟ, ಸಹಿ, ಮಾತು, ಸಂದರ್ಭ, ಪ್ರತಿ ಮಾಡಿದವರು, ಪ್ರತಿ ಮಾಡಿದ ದಿನ. ತಿಳಿಯದ ಕಡೆ ತಿಳಿಯದೆಂದೇ ಬರೆಯಬೇಕು. ಲೆಕ್ಕದ ಪುಸ್ತಕದ ಚಿತ್ರಗಳಿಗೆ ಈ ಕ್ರಮದಲ್ಲಿ ಪಟ್ಟಿ ಮಾಡುತ್ತಿದ್ದೇನೆ. ದಿನಾಂಕದ ಅಂಕಣ ಬಹುತೇಕ ಖಾಲಿ.

ಆದರೂ ಒಂದು ಪುಟದಲ್ಲಿ ಅನಿರೀಕ್ಷಿತ ಸಹಾಯ ದೊರೆಯಿತು. ಹಿಟ್ಟಿನ ಅಂಟನ್ನು ಬೆಳ್ಳಿಹುಳಗಳು ತಿಂದುದರಿಂದ ಚಿತ್ರವೊಂದು ತಾನಾಗಿಯೇ ಸಡಿಲವಾಗಿ ಕೈಗೆ ಬಂದಿತು. ತಿರುಗಿಸಿ ನೋಡಿದರೆ ಖಡಕವಾಸಲಾ ಅಣೆಕಟ್ಟು ತುಂಬಿ ಮುಠಾ ನದಿಗೆ ನೀರು ಬಿಟ್ಟ ಸುದ್ದಿಯ ಐದು ಸಾಲುಗಳು, ಮರಾಠಿಯಲ್ಲಿ. ಅಲ್ಲಿಗೆ ತಿಂಗಳು ಜುಲೈಯೋ ಆಗಸ್ಟೋ ಇರಬೇಕೆಂದಾಯಿತು. ವರ್ಷವನ್ನು ಹುಡುಕಲು ಮುಂದಿನ ಬಾರಿ ಪುಣೆಗೆ ಹೋದಾಗ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮಳೆಗಾಲದ ಕಟ್ಟುಗಳನ್ನು ಬಿಡಿಸಬೇಕಾಗಿದೆ.