ಎಲ್ಲ ತೂಬೂ ಒಟ್ಟಿಗೆ ತೆರೆದಾಗ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಲ್ಲಿ ಯಾರ ಮನೆ ಜಗುಲಿಯಲ್ಲಿ ಕೂತು ‘ಮಗ ಎಲ್ಲವ್ನೆ?’ ಎಂದು ಕೇಳಿದರೂ ಹೆಚ್ಚಾಗಿ ಬರುವ ಉತ್ತರ, ‘ಬೆಂಗ್ಳೂರಲ್ಲವ್ನೆ’. ಸಾಫ್ಟ್‌ವೇರ್ ಕಂಪನಿ, ಬ್ಯಾಂಕು, ಆಸ್ಪತ್ರೆ, ಬಿಡದಿಯ ಕಾರ್ಖಾನೆ. ಮಗಳೂ ಅಲ್ಲೇ. ಹೇಳುವವರ ದನಿಯಲ್ಲಿ ಹೆಮ್ಮೆಯಿರುತ್ತದೆ, ಇರಲೇಬೇಕು. ಅದೇ ಮಗ ಹಬ್ಬಕ್ಕೆ ಬಂದಾಗ ತಾಯಿ ಮುಖ ನೋಡಿ, ‘ಯಾಕ್ಲಾ ಮಗ, ಇಂಗ್ ಸೊರಗೋಗಿದ್ದೀಯ?’ ಅನ್ನುತ್ತಾಳೆ. ‘ಏನಿಲ್ಲ ಬುಡವ್ವ, ಕೆಲ್ಸ ಜಾಸ್ತಿ’ ಎಂದು ಮಾತು ಮುಗಿಯುತ್ತದೆ. ಅಲ್ಲಿಗೆ ಮುಗಿಸಬಾರದಿತ್ತು. ಕೆಲಸ ಜಾಸ್ತಿಯಾಗಿದ್ದು ನಿಜ. ಆದರೆ ಕೆಲಸದ ಜೊತೆಗೆ ಇನ್ನೂ ಏನೇನು ಅವನ ಹೆಗಲೇರಿದೆ ಎಂದು ಕೇಳುವವರು ಬೇಕಿತ್ತು.

ಹೊರಗೆ ಹೋಗಿ ದುಡಿಯುವುದು ಮಂಡ್ಯ ಸೀಮೆಗೆ ಹೊಸದಲ್ಲ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳ ಬದುಕನ್ನು ಅಧ್ಯಯನ ಮಾಡಲು ಬಂದರು. ಊರುಗಳ ನಿಜವಾದ ಹೆಸರು ಮರೆಸಿ, ನಾಲೆ ನೀರು ಸಿಕ್ಕ ಊರನ್ನು ವಂಗಲ ಎಂದೂ ಸಿಗದ ಊರನ್ನು ದಾಳೇನ ಎಂದೂ ಕರೆದರು. 1962ರಲ್ಲಿ ಪ್ರಕಟವಾದ ಅವರ ಪುಸ್ತಕ ಕಂಡುಕೊಂಡದ್ದು ಸ್ವಾರಸ್ಯವಾಗಿದೆ. ನೀರು ಬಂದ ಊರು ಕಬ್ಬು ಭತ್ತ ಬೆಳೆದು ದುಡ್ಡು ಕಂಡಿತು, ಆದರೆ ಅಲ್ಲಿನ ಸಂಬಂಧಗಳ ರೀತಿನೀತಿ ಹೆಚ್ಚು ಅಲುಗಲಿಲ್ಲ. ನೀರು ಬಾರದ ದಾಳೇನದವರು ಸುಮ್ಮನೆ ಕೂರಲಿಲ್ಲ. ಮಂಡ್ಯ ಪೇಟೆಗೆ, ಕಾರ್ಖಾನೆಗೆ, ವ್ಯಾಪಾರಕ್ಕೆ ಹೊರಟರು. ಬದುಕು ಬುಡಮಟ್ಟ ಬದಲಾದದ್ದು ಆ ಒಣ ಊರಿನಲ್ಲಿ: ಮನೆಯೊಳಗಿನ ಮಾತು, ಅಣ್ಣತಮ್ಮಂದಿರ ಪಾಲು, ಊರ ಯಜಮಾನಿಕೆ ಎಲ್ಲವೂ. ಸಂಬಳದ ಕೆಲಸ ಮನೆಗೆ ಹಣವನ್ನಷ್ಟೇ ತರುವುದಿಲ್ಲ ಎಂಬುದನ್ನು ಎಪ್‌ಸ್ಟೀನ್ ಎಪ್ಪತ್ತು ವರ್ಷಗಳ ಹಿಂದೆಯೇ ಇಲ್ಲೇ ಕೂತು ಬರೆದಿಟ್ಟಿದ್ದಾರೆ.

ಈಗ ನೀರಿದ್ದ ಊರೂ ದಾಳೇನದ ದಾರಿ ಹಿಡಿದಿದೆ. ಆಗ ಮಂಡ್ಯ ಪೇಟೆಗೆ ಸೈಕಲ್ ತುಳಿದರೆ ಸಾಕಿತ್ತು. ಈಗ ಮದ್ದೂರಿನಿಂದ ಎಂಬತ್ತು ಕಿಲೋಮೀಟರ್ ಆಚೆಯ ಬೆಂಗಳೂರು. 2023ರ ಮಾರ್ಚ್ 12ರಂದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲಂತೂ, ಊರಲ್ಲೇ ಇದ್ದು ಬೆಂಗಳೂರಲ್ಲಿ ದುಡಿಯಬಹುದು ಅನ್ನುವ ಆಸೆ ಮನೆಮನೆಗೆ ಹೊಕ್ಕಿತು. ರೈಲಿನ ಪಾಸಿನವರು ಮೊದಲಿನಿಂದಲೂ ಇದ್ದರು. ಈಗ ಕಾರಿನವರೂ ಸೇರಿದರು. ರಸ್ತೆ ಊರನ್ನು ಆಫೀಸಿಗೆ ಹತ್ತಿರ ತಂದಿತು ಅನ್ನುತ್ತೇವೆ. ಆಫೀಸನ್ನೂ ಅಷ್ಟೇ ಹತ್ತಿರ ತಂದು ಹಟ್ಟಿಬಾಗಿಲಿಗೆ ನಿಲ್ಲಿಸಿದೆ. ಶನಿವಾರ ಗದ್ದೆ ಬದುವಿನ ಮೇಲೆ ನಿಂತವನ ಜೇಬಿನಲ್ಲೂ ಮ್ಯಾನೇಜರ್ ಇರುತ್ತಾನೆ. ಮಂಗಳವಾರ ಮೀಟಿಂಗಿನ ನಡುವೆ ಊರಿನಿಂದ ಫೋನು ಬರುತ್ತದೆ: ಕಬ್ಬು ಕಟಾವಿಗೆ ಆರ್ಡರ್ ಬಂದಿದೆ, ಆಳು ಸಿಗುತ್ತಿಲ್ಲ, ಏನು ಮಾಡುವುದು?

ಈ ಸೀಮೆಯ ನೌಕರಿಯವನಿಗೆ ಎರಡು ಸಂಸಾರ. ಬೆಂಗಳೂರಿನ ಬಾಡಿಗೆ ಮನೆ ಅಥವಾ ಸಾಲದ ಫ್ಲ್ಯಾಟು, ಹೆಂಡತಿಯ ಕೆಲಸ, ಮಗುವಿನ ಶಾಲೆ ಒಂದು ಕಡೆ. ಊರಿನ ಮನೆ, ಜಮೀನು, ಅಪ್ಪನ ಶುಗರ್, ಅವ್ವನ ಮಂಡಿನೋವು, ತಂಗಿಯ ಬಾಣಂತನ, ದಾಯಾದಿಗಳ ತಿಥಿ, ದೇವರ ಹಬ್ಬ ಇನ್ನೊಂದು ಕಡೆ. ದಿನಗಳು ನೆಟ್ಟಗೆ ಸಾಗುತ್ತಿರುವಾಗ ಎರಡನ್ನೂ ಹೇಗೋ ತೂಗಿಸಿಕೊಂಡು ಹೋಗುತ್ತಾನೆ. ಕಷ್ಟ ಬರುವುದು ಬದುಕು ಮಗ್ಗುಲು ಬದಲಿಸಿದಾಗ. ಅಪ್ಪ ಹಾಸಿಗೆ ಹಿಡಿದರು, ಇಲ್ಲವೇ ತೀರಿಕೊಂಡರು ಅನ್ನಿ. ದುಃಖಪಡಲೂ ಬಿಡುವಿಲ್ಲದಂತೆ ಪೌತಿ ಖಾತೆ, ಪಹಣಿ, ಸೊಸೈಟಿ ಸಾಲ, ಪಾಲಿನ ಮಾತು ಎದ್ದು ಬರುತ್ತವೆ. ಮೂರು ದಿನ ರಜೆ ಕೊಟ್ಟ ಕಂಪನಿ ನಾಲ್ಕನೆಯ ದಿನ ಲಾಗಿನ್ ಆಗು ಅನ್ನುತ್ತದೆ.

ಬದುಕಿನ ಇಂಥ ತಿರುವುಗಳಿಗೂ ಕಾಯಿಲೆಗೂ ನಂಟಿದೆಯೇ ಎಂದು ಲೆಕ್ಕ ಹಾಕಿ ನೋಡಿದವರು ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ. 1967ರಲ್ಲಿ ಅವರು 43 ಘಟನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅದು ಬೇಡುವ ಹೊಂದಾಣಿಕೆಗೆ ತಕ್ಕ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಮದುವೆಗೆ 50! ಸಂತೋಷದ ಘಟನೆಗೂ ಅಂಕವುಂಟು, ಏಕೆಂದರೆ ಸಂತೋಷವೂ ಮನುಷ್ಯನಿಂದ ಹೊಸ ಹೊಂದಾಣಿಕೆ ಕೇಳುತ್ತದೆ. ನಮ್ಮ ಹೋಬಳಿಯ ಯಾವ ನೌಕರನ ಒಂದು ವರ್ಷವನ್ನಾದರೂ ಈ ಪಟ್ಟಿಯ ಮೇಲಿಟ್ಟು ನೋಡಿ. ಮನೆಯವರೊಬ್ಬರ ಆರೋಗ್ಯ ಕೆಟ್ಟಿತು, 44. ಮಗು ಹುಟ್ಟಿತು, 39. ಮನೆಗೆ ದೊಡ್ಡ ಸಾಲ, 31. ಹೊಸ ಮನೆಗೆ ಹೋದದ್ದು 20, ಕೆಲಸದ ಹೊತ್ತು ಬದಲಾದದ್ದು 20. ಒಟ್ಟು 154. ಆ ಇಬ್ಬರು ವೈದ್ಯರ ಪ್ರಕಾರ 150 ದಾಟಿದವರಿಗೆ ಕಾಯಿಲೆ ಬೀಳುವ ಸಂಭವ ಹೆಚ್ಚು. ಅಮೆರಿಕದ ಅಂಕಗಳನ್ನು ಮಂಡ್ಯಕ್ಕೆ ಹಾಗೆಹಾಗೇ ಅಳವಡಿಸಲಾಗದು. ಅವರ ಪಟ್ಟಿಯಲ್ಲಿ ಜಮೀನು ಪಾಲಿಲ್ಲ, ಬತ್ತಿದ ಬೋರ್‌ವೆಲ್ ಇಲ್ಲ. ಆದರೂ ನಾನು ಈ ಪಟ್ಟಿಯನ್ನು ಮತ್ತೆ ಮತ್ತೆ ನೆನೆಯುವುದು ಒಂದು ಕಾರಣಕ್ಕೆ. ಇದರಲ್ಲಿ ಯಾವೊಂದೂ ಆ ಮನುಷ್ಯನ ತಪ್ಪಲ್ಲ. ಮಗುವಾಗುವುದು ತಪ್ಪಲ್ಲ, ಅಪ್ಪನಿಗೆ ವಯಸ್ಸಾಗುವುದು ತಪ್ಪಲ್ಲ. ಹಾಗಿದ್ದೂ ದಣಿದವನು ತಾನು ಕೈಲಾಗದವನು ಎಂದೇ ತಿಳಿಯುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಕೆಲಸದ ಜಾಗದ ಒತ್ತಡವನ್ನು ದೀರ್ಘಕಾಲ ಸರಿಯಾಗಿ ನಿಭಾಯಿಸದೇ ಹೋದಾಗ ಹುಟ್ಟುವ ಸ್ಥಿತಿ. ಗುರುತುಗಳು ಮೂರು: ಮೈಮನಸ್ಸಿನ ಶಕ್ತಿ ಬತ್ತುವುದು, ಕೆಲಸವೆಂದರೆ ದೂರ ಸರಿಯುವ ಅಥವಾ ಹಳಿಯುವ ಭಾವ, ಮೊದಲಿನಂತೆ ಕೆಲಸ ಮಾಡಲಾಗುತ್ತಿಲ್ಲ ಎಂಬ ಕೊರಗು. ನಮ್ಮಲ್ಲಿ ಇದು ಇಷ್ಟು ಸ್ಪಷ್ಟವಾಗಿ ಬಾಯಿಗೆ ಬರುವುದಿಲ್ಲ. ಗ್ಯಾಸ್ಟ್ರಿಕ್ ಎಂದು, ಕತ್ತುನೋವು ಎಂದು, ಬಿ.ಪಿ. ಎಂದು ಡಾಕ್ಟರ ಹತ್ತಿರ ಹೋಗುತ್ತದೆ. ಮಕ್ಕಳ ಮೇಲೆ ರೇಗಾಟವಾಗಿ, ರಾತ್ರಿ ಎರಡು ಗಂಟೆಯವರೆಗೆ ಮೊಬೈಲು ತೀಡುವ ಚಟವಾಗಿ, ಕೆಲವೊಮ್ಮೆ ಬಾರಿನ ದಾರಿಯಾಗಿ ಹೊರಬೀಳುತ್ತದೆ.

ಇಂಥ ಕಾಲದಲ್ಲೇ ದೊಡ್ಡವರ ಉಪದೇಶವೂ ಬಂತು. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿಯ ಅಧ್ಯಕ್ಷರು 90 ಗಂಟೆಯ ಮಾತಾಡಿದರು. ನಡುವೆ 2024ರ ಜುಲೈನಲ್ಲಿ, ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಚಾಚುವ ಪ್ರಸ್ತಾವ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂದಾಗ, ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು. ಮೂರ್ತಿಯವರು ಕಟ್ಟಿದ ಸಂಸ್ಥೆಯಿಂದ ಎಷ್ಟೋ ಹಳ್ಳಿ ಮನೆಗಳು ಬೆಳಗಿವೆ; ಆ ಗೌರವ ಉಳಿಸಿಕೊಂಡೇ ಹೇಳಬೇಕು, ಈ ಲೆಕ್ಕ ಮನುಷ್ಯನ ದೇಹಕ್ಕೆ ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೇಳಿದ್ದು ಇಷ್ಟು: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು; ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 70 ಗಂಟೆಯ ಮೇಲೆ ಬೆಂಗಳೂರಿನ ಟ್ರಾಫಿಕ್ ಸೇರಿಸಿ, ಅದರ ಮೇಲೆ ಕಾಯಿಲೆಯ ಅಪ್ಪನನ್ನು ಆಸ್ಪತ್ರೆಗೆ ಓಡಾಡಿಸುವ ಹೊತ್ತು ಸೇರಿಸಿ. ನಿದ್ದೆಗೆ ಏನು ಉಳಿಯಿತು?

ಹೆಂಗಸರ ಲೆಕ್ಕ ಇನ್ನೂ ಕಠಿಣ. ಬೆಂಗಳೂರಿನಲ್ಲಿ ತಂಡ ನಡೆಸುವ ಹೆಣ್ಣುಮಗಳು ಊರಿಗೆ ಬಂದ ಗಳಿಗೆಯಲ್ಲಿ ಸೊಸೆಯಾಗಿ ಒಲೆ ಮುಂದೆ ನಿಲ್ಲಬೇಕು. ಹೋಬಳಿಯೊಳಗೇ ದುಡಿಯುವವರನ್ನು ನಾವು ಈ ಚರ್ಚೆಗೆ ಸೇರಿಸುವುದೇ ಇಲ್ಲ. 2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ದಸರಾ ರಜೆಯಲ್ಲಿ ಮನೆಮನೆ ತಿರುಗಿದವರು ಶಾಲೆಯ ಮೇಷ್ಟ್ರು, ಮೇಡಂಗಳು. ಅದೇ ವರ್ಷದ ಜನವರಿಯಲ್ಲಿ ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತವರು ಆಶಾ ಕಾರ್ಯಕರ್ತೆಯರು. ಊರಿನವರ ಬಾಣಂತನ, ಚುಚ್ಚುಮದ್ದು, ಸರ್ವೆ ಎಲ್ಲ ನೋಡಿಕೊಳ್ಳುವ ಈ ಹೆಂಗಸರ ದಣಿವನ್ನು ನೋಡಿಕೊಳ್ಳುವವರು ಯಾರು? ರಾಜ್ಯ ಸರ್ಕಾರಿ ನೌಕರಿಯ ಹೆಂಗಸರಿಗೆ ಆರು ತಿಂಗಳ ಶಿಶುಪಾಲನಾ ರಜೆ ಸಿಗುತ್ತಿರುವುದು ದೊಡ್ಡ ಸಮಾಧಾನ. ಅದನ್ನು ಕೇಳಿ ಪಡೆಯುವಾಗ ಅಪರಾಧಿಯಂತೆ ತಲೆ ತಗ್ಗಿಸಬೇಕಿಲ್ಲ.

ಹಾಗಾದರೆ ಮಾಡುವುದೇನು? ಪತ್ರಿಕೆ, ಮೊಬೈಲುಗಳ ತುಂಬ ಸಲಹೆಗಳಿವೆ: ಐದಕ್ಕೆ ಎದ್ದು ಧ್ಯಾನ ಮಾಡಿ, ಜಿಮ್ಮಿಗೆ ಹೋಗಿ, ಡೈರಿ ಬರೆಯಿರಿ. ಒಳ್ಳೆಯವೇ. ಆದರೆ ಬಹುಪಾಲು ಸಲಹೆಗಳು ದಣಿದವನಿಗೆ ಇನ್ನೊಂದು ಕೆಲಸ ಹಚ್ಚುತ್ತವೆ. ನನಗೆ ಹೆಚ್ಚು ಬುದ್ಧಿ ಹೇಳುವುದು ನಮ್ಮ ವಿಶ್ವೇಶ್ವರಯ್ಯ ನಾಲೆ. ಈ ನಾಲೆಯ ಬಯಲಿಗೆ ಹಿಂದೆ ಬ್ಲಾಕ್ ಪದ್ಧತಿಯಿತ್ತು: ಭೂಮಿಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಕಬ್ಬು, ಒಂದಕ್ಕೆ ಭತ್ತ, ಒಂದಕ್ಕೆ ಕಡಿಮೆ ನೀರಿನ ರಾಗಿಯಂಥ ಬೆಳೆ, ವರ್ಷ ತಿರುಗಿದಂತೆ ಸರದಿ ಬದಲು. ಈಗಲೂ ಜಲಾಶಯದಲ್ಲಿ ನೀರು ಕಡಿಮೆಯಾದರೆ ಕಟ್ಟು ಪದ್ಧತಿ: ಇಷ್ಟು ದಿನ ನೀರು, ಇಷ್ಟು ದಿನ ನಿಲುಗಡೆ. ಎಲ್ಲ ತೂಬನ್ನೂ ಒಟ್ಟಿಗೆ ತೆರೆದರೆ ಏನಾಗುತ್ತದೆ ಎಂಬುದು ಮದ್ದೂರು, ಮಳವಳ್ಳಿಯ ಕೊನೇ ಭಾಗದ ರೈತರಿಗೆ ಗೊತ್ತು. ಮೇಲಿನವರ ಗದ್ದೆ ತುಂಬಿ ಹರಿಯುತ್ತದೆ, ಕೊನೆಯವರ ಪೈರು ಒಣಗುತ್ತದೆ. ನೌಕರನ ಬದುಕಿನಲ್ಲಿ ಆ ಕೊನೇ ಭಾಗದಲ್ಲಿರುವುದು ಅವನ ನಿದ್ದೆ, ಅವನ ಮೈ, ಹೆಂಡತಿ ಮಕ್ಕಳೊಡನೆ ಸುಮ್ಮನೆ ಕೂರುವ ಹೊತ್ತು.

ಆದ್ದರಿಂದ ಬದುಕಿನಲ್ಲಿ ದೊಡ್ಡದೊಂದು ಬದಲಾವಣೆ ಬಂದ ವರ್ಷ, ಉಳಿದ ಯಾವುದಾದರೂ ಒಂದು ತೂಬನ್ನು ಬೇಕೆಂದೇ ಮುಚ್ಚಬೇಕು. ಮಗು ಹುಟ್ಟಿದ ವರ್ಷವೇ ಸೈಟಿಗೆ ಸಾಲ ಬೇಡ. ಅಪ್ಪ ಆಸ್ಪತ್ರೆಯಲ್ಲಿರುವಾಗ ಹೊಸ ಕಂಪನಿಗೆ ಹಾರುವುದು, ಹೆಚ್ಚಿನ ಜವಾಬ್ದಾರಿಯ ಬಡ್ತಿಗೆ ಒಪ್ಪುವುದು ಆರು ತಿಂಗಳು ತಡೆಯಲಿ. ಮ್ಯಾನೇಜರಿಗೆ ಕಾರಣವನ್ನು ಮುಚ್ಚಿಟ್ಟು ಒದ್ದಾಡುವ ಬದಲು ಮೊದಲೇ ಹೇಳಿ, ಎಷ್ಟು ದಿನ, ಯಾವ ಕೆಲಸ ಕಡಿಮೆಯಾಗಬೇಕು ಎಂದು ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು. ಎಲ್ಲ ಕಂಪನಿಯೂ ಒಪ್ಪುವುದಿಲ್ಲ. ಒಪ್ಪದ ಕಡೆ ಎಷ್ಟು ವರ್ಷ ಇರಬಹುದು ಎಂಬ ಲೆಕ್ಕವನ್ನಾದರೂ ಆಗ ಹಾಕಬಹುದು. ದಣಿವಿನ ಅಧ್ಯಯನದಲ್ಲಿ ದೊಡ್ಡ ಹೆಸರಾದ ಕ್ರಿಸ್ಟಿನಾ ಮಾಸ್ಲಾಕ್ ಒಂದು ಮಾತನ್ನು ಒತ್ತಿ ಹೇಳುತ್ತಾರೆ: ಕೆಲಸದ ಹೊರೆ ಒಂದೇ ಕಾರಣವಲ್ಲ. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು, ದುಡಿಮೆಗೆ ತಕ್ಕ ಮನ್ನಣೆ ಸಿಗದಿರುವುದು, ಅನ್ಯಾಯ, ಜೊತೆಗಾರರ ಬೆಂಬಲವಿಲ್ಲದಿರುವುದು, ಮನಸ್ಸು ಒಪ್ಪದ್ದನ್ನು ಮಾಡಬೇಕಾಗಿ ಬರುವುದು, ಇವೂ ಅಷ್ಟೇ ಸುಡುತ್ತವೆ.

ಮನೆಯ ಕಡೆಯೂ ಹೀಗೆಯೇ. ಅಪ್ಪ ಅವ್ವನ ಔಷಧಿ, ಆಸ್ಪತ್ರೆ, ಜಮೀನಿನ ಕಾಗದ, ಹಬ್ಬದ ಖರ್ಚು ಯಾರ್ಯಾರ ಪಾಲಿಗೆ ಎಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಹಂಚಿಕೊಳ್ಳುವ ಮನೆಗಳಲ್ಲಿ ಒಬ್ಬರೇ ಕುಸಿಯುವುದು ಕಡಿಮೆ. ಸಂಬಳ ಬರುವವನೇ ಎಲ್ಲ ನೋಡಲಿ ಅನ್ನುವ ಮನೆಗಳಲ್ಲಿ ಅವನ ಸಂಬಳದ ಜೊತೆಗೆ ಅವನೂ ಕರಗುತ್ತಾನೆ. ಊರಿನ ಹಿರಿಯರಿಗೆ ಕೈಮುಗಿದು ಕೇಳುತ್ತೇನೆ: ಪಾಲು, ಖಾತೆ, ಸಾಲದ ವಿಷಯಗಳನ್ನು ಯಜಮಾನ ಗಟ್ಟಿಯಾಗಿರುವಾಗಲೇ ಇತ್ಯರ್ಥ ಮಾಡಿಬಿಡಿ. ಸಾವಿನ ಮನೆಯಲ್ಲಿ ಮಕ್ಕಳು ಅಳುವುದಕ್ಕಾದರೂ ಬಿಡುವಾಗುತ್ತದೆ.

ಚಿಕ್ಕರಸಿನಕೆರೆಯ ಹೆಸರು ದೂರದವರಿಗೂ ಗೊತ್ತಿರುವುದು ಕಾಲಭೈರವೇಶ್ವರನ ಗುಡಿಯಿಂದ, ಆ ಗುಡಿಯ ಬಸವನಿಂದ. ಕಷ್ಟ ಬಂದವರು ಬಸಪ್ಪನ ಮುಂದೆ ನಿಂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ. ಹೇಳಿಕೊಂಡರೆ ಹಗುರಾಗುತ್ತದೆ ಎಂಬುದನ್ನು ಈ ನೆಲದ ಜನ ಯಾರಿಂದಲೂ ಕಲಿಯಬೇಕಾಗಿಲ್ಲ. ಭಕ್ತಿಗೆ ಅದರ ಜಾಗವಿರಲಿ. ಅದರ ಜೊತೆಗೆ ವೈದ್ಯರಿಗೂ ಒಂದು ಜಾಗ ಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಆಸಕ್ತಿ ಎಲ್ಲ ಹೋಗಿ ಮಂಕು ಕವಿದಿದ್ದರೆ ಅದು ಬರೀ ಕೆಲಸದ ದಣಿವಲ್ಲದಿರಬಹುದು, ಖಿನ್ನತೆಯಿರಬಹುದು. ಬದುಕು ಸಾಕು ಅನ್ನುವ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಬಾರದು.

ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ಮದ್ದೂರು ಅಥವಾ ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾವ ಮಂಗಳವಾರ ಬರಬೇಕೆಂದು ಹೇಳುತ್ತಾರೆ. ಅಷ್ಟೂ ಆಗದಿದ್ದರೆ ಟೆಲಿ ಮನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನ ಬಗ್ಗೆ ಚಿಂತೆಯಿರುವ ಹೆಂಡತಿಯೂ, ಗೆಳೆಯನ ಬಗ್ಗೆ ಆತಂಕವಿರುವ ಗೆಳೆಯನೂ ಈ ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬಹುದು.