ಆನೆಕಾಲು ರೋಗದ ಹುಳುವಿನ ಮರ್ಮಸ್ಥಾನ

ಆನೆಕಾಲು ರೋಗದವರನ್ನು ನಮ್ಮ ಕರಾವಳಿಯ ಹಿರಿಯರು ಕಣ್ಣಾರೆ ಕಂಡಿರುತ್ತಾರೆ. ಕಾಲು ಕಂಬದಂತೆ ಊದಿ, ಚರ್ಮವು ಒರಟಾಗಿ, ರೋಗಿಯು ನಾಲ್ಕು ಜನರ ನಡುವೆ ಬರಲು ಸಂಕೋಚಪಡುವನು. ಇದಕ್ಕೆ ಕಾರಣ ನೂಲಿನೆಳೆಯಂತಹ ಒಂದು ಹುಳು. ಸೊಳ್ಳೆಯೇ ಅದರ ವಾಹನವೆಂಬ ಸುಳಿವನ್ನು 1877ರಲ್ಲಿ ಚೀನದ ಅಮೋಯ್ ಪಟ್ಟಣದಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಕೊಂಡರು.

ತಾಯಿಹುಳು ನಮ್ಮ ದುಗ್ಧರಸದ ನಾಳಗಳಲ್ಲಿ 6ರಿಂದ 8 ವರ್ಷ ಬದುಕಿ ಲಕ್ಷಾಂತರ ಮರಿಗಳನ್ನು ಹಡೆಯುತ್ತದೆ. ಈ ಮರಿಗಳು ರಾತ್ರಿಯ ಹೊತ್ತು ರಕ್ತದಲ್ಲಿ ಸಂಚರಿಸುವುದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ಬಂದು ರಕ್ತ ತೆಗೆಯುವುದು. 1947ರಿಂದ ಬಳಕೆಯಲ್ಲಿರುವ ಡಿ.ಇ.ಸಿ. ಮಾತ್ರೆಯು ಮರಿಗಳನ್ನು ಬೇಗನೆ ನಾಶಮಾಡುತ್ತದೆ. ತಾಯಿಹುಳು ಮಾತ್ರ ಎಷ್ಟೋ ವೇಳೆ ಉಳಿದುಬಿಡುತ್ತದೆ. ಆದುದರಿಂದ ವರ್ಷ ವರ್ಷವೂ ಮಾತ್ರೆ ನುಂಗಬೇಕಾಗುತ್ತದೆ. (ಮನೆಗೆ ತಂದುಕೊಟ್ಟ ಮಾತ್ರೆಯು ಗೋಡೆಯ ಗೂಡಿನಲ್ಲಿಯೇ ಕುಳಿತರೆ ಹುಳುವಿಗೆ ಯಾವ ಬಾಧೆಯೂ ಇಲ್ಲ!)

ತಾಯಿಹುಳುವನ್ನೇ ಕೊಲ್ಲುವ ಮದ್ದು ಏಕೆ ಸುಲಭವಾಗಿ ದೊರೆಯಲಿಲ್ಲ? ಹುಳುವೂ ನಮ್ಮಂತೆ ಒಂದು ಪ್ರಾಣಿ. ಅದರ ಜೀವಕ್ರಿಯೆಗಳಲ್ಲಿ ಬಹಳಷ್ಟು ನಮ್ಮವನ್ನೇ ಹೋಲುವುದರಿಂದ ಅದಕ್ಕೆ ವಿಷವಾದುದು ನಮಗೂ ವಿಷವಾಗಬಹುದು. ವಜ್ರದೇಹಿಯಾದ ದುರ್ಯೋಧನನಿಗೆ ತೊಡೆಯಲ್ಲಿ ಮರ್ಮವಿದ್ದಂತೆ, ಹುಳುವಿನಲ್ಲಿದ್ದು ನಮ್ಮಲ್ಲಿಲ್ಲದ ಒಂದು ಮರ್ಮಸ್ಥಾನವನ್ನು ಹುಡುಕಬೇಕು.

ಆ ಮರ್ಮವು ಹುಳುವಿನ ಒಡಲಲ್ಲಿದ್ದ ಬೇರೊಂದು ಜೀವಿಯೆಂದು ತಿಳಿದುಬಂದಿತು. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದವರಿಗೆ ಹುಳುವಿನ ಜೀವಕೋಶಗಳೊಳಗೆ ಅಣುಜೀವಿಗಳು ಕಾಣಿಸಿದವು. ಅಂದು ಅವುಗಳಿಗೆ ಯಾರೂ ಅಷ್ಟಾಗಿ ಬೆಲೆ ಕೊಡಲಿಲ್ಲ. ಅವು ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾಗಳೆಂದು 1990ರ ದಶಕದಲ್ಲಿ ಗೊತ್ತಾಯಿತು. ಒಂದು ಕಾಲಕ್ಕೆ ಕೇರಳದ ಚೇರ್ತಲೆಯಲ್ಲಿ ಪ್ರಬಲವಾಗಿದ್ದ ಬ್ರುಗಿಯಾ ಮಲಾಯಿ ಎಂಬ ಸೋದರಹುಳುವಿನ ಅತಿಥಿಯ ಅನುವಂಶಿಕ ಲಿಪಿಯನ್ನು 2005ರಲ್ಲಿಯೂ, ಹುಳುವಿನದನ್ನು 2007ರಲ್ಲಿಯೂ ಓದಲಾಯಿತು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತು ಹುಳುವಿಗೂ ಬೇಕು; ಆದರೆ ಅದನ್ನು ಪೂರ್ತಿಯಾಗಿ ತಯಾರಿಸುವ ಶಕ್ತಿ ಅದಕ್ಕಿಲ್ಲ, ಅತಿಥಿಗೆ ಇದೆ. ಮನೆಯವರಿಗೆಲ್ಲ ಅಡಿಗೆ ಮಾಡಿ ಬಡಿಸುವವನನ್ನು ಅತಿಥಿಯೆನ್ನುವುದಾದರೂ ಹೇಗೆ?

ಬ್ಯಾಕ್ಟೀರಿಯಾ ಸಸಾರಜನಕವನ್ನು ಕಟ್ಟುವ ಯಂತ್ರವು ನಮ್ಮದಕ್ಕಿಂತ ಭಿನ್ನವಾದುದು. ಹಳೆಯ ಮದ್ದಾದ ಡಾಕ್ಸಿಸೈಕ್ಲಿನ್ ಆ ಯಂತ್ರವನ್ನೇ ತಡೆಯುತ್ತದೆ. ಅತಿಥಿಯು ಅಳಿದ ಮೇಲೆ ಹುಳುವು ಮೊದಲು ಬಂಜೆಯಾಗಿ, ಬಳಿಕ ಮೆಲ್ಲಮೆಲ್ಲನೆ ಸಾಯುತ್ತದೆ. ತಾಂಜಾನಿಯಾದಲ್ಲಿ 8 ವಾರ ಈ ಮದ್ದನ್ನು ಸೇವಿಸಿದ ಗಂಡಸರನ್ನು 14 ತಿಂಗಳಿಗೆ ಪರೀಕ್ಷಿಸಿದಾಗ, ಸುಮಾರು ಐವರಲ್ಲಿ ಒಬ್ಬರಲ್ಲಿ ಮಾತ್ರ ಜೀವಂತ ಹುಳು ಕಾಣಿಸಿತೆಂದು 2005ರಲ್ಲಿ ಪ್ರಕಟವಾಯಿತು.

ಆದರೆ ನಾಲ್ಕಾರು ವಾರ ದಿನವೂ ತಪ್ಪದೆ ಮದ್ದು ನುಂಗುವುದು ಊರಿಗೆ ಊರೇ ಮಾಡಬಹುದಾದ ಕೆಲಸವಲ್ಲ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕಾಗಿಯೇ ಇಂಗ್ಲೆಂಡಿನ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯ ವಿಜ್ಞಾನಿಗಳು 2007ರಿಂದ ಒಂದು ವಾರದೊಳಗೆ ಮುಗಿಯುವ ಚಿಕಿತ್ಸೆಯನ್ನು ಅರಸುತ್ತ ಬಂದರು. ವೋಲ್ಬಾಕಿಯಾ ನೆಲೆಸಿದ ಸೊಳ್ಳೆಯ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅವುಗಳ ಮೇಲೆ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಒರೆಹಚ್ಚಿದರು. ದನಕರುಗಳಿಗೆ ಕೊಡುವ ಟೈಲೋಸಿನ್ ಎಂಬ ಮದ್ದನ್ನು ತಿದ್ದಿ ನಿರ್ಮಿಸಿದ ಒಂದು ಹೊಸ ಪದಾರ್ಥವು ಮನುಷ್ಯರಲ್ಲಿ ಪರೀಕ್ಷಿಸುವ ಹಂತವನ್ನೂ ಮುಟ್ಟಿದೆ.